ಕತ್ತರಿಸಿ ಬಿಟ್ಟ ಡಯೋಡ್: ಚಿಕ್ಕಪ್ಪನ ಪಂಪ್ ಕಂಟ್ರೋಲರ್ ದುರಸ್ತಿಯ ದಿನಚರಿ

ಮೇ ತಿಂಗಳ ಕೊನೆಯ ವಾರ ಶಿರಸಿ ಸಮೀಪದ ಚಿಕ್ಕಪ್ಪನ ಮನೆಗೆ ಹೋದಾಗ, ಜಗಲಿಯ ಗೋಡೆಯ ಮೇಲಿರಬೇಕಾದ ಬಿಳಿ ಡಬ್ಬಿ ಮೇಜಿನ ಮೇಲೆ ಬಿದ್ದಿತ್ತು. ಅದು ನೀರಿನ ಮಟ್ಟ ನೋಡಿ ಪಂಪನ್ನು ತಾನಾಗಿ ನಡೆಸುವ ಕಂಟ್ರೋಲರ್. ತೋಟದ ತಗ್ಗಿನಲ್ಲಿ ಬಾವಿ, ಮನೆಯ ಹಿಂದಿನ ದಿಬ್ಬದ ಮೇಲೆ ಸಿಮೆಂಟ್ ಟ್ಯಾಂಕ್. ಟ್ಯಾಂಕಿನಿಂದ ಡಬ್ಬಿಯವರೆಗೆ ಸುಮಾರು 60 ಮೀಟರ್ ತಂತಿ. ಬಾವಿಯ ಬಳಿ 1 ಎಚ್‌ಪಿ ಮಾನೋಬ್ಲಾಕ್ ಪಂಪ್.

ಹಿಂದಿನ ರಾತ್ರಿ ಟ್ಯಾಂಕ್ ತುಂಬಿದ ಮೇಲೂ ಪಂಪ್ ನಿಂತಿರಲಿಲ್ಲ. ಬೆಳಿಗ್ಗೆ ಚಿಕ್ಕಮ್ಮ ಎದ್ದು ನೋಡುವಾಗ ದಿಬ್ಬದಿಂದ ಕೊಟ್ಟಿಗೆಯವರೆಗೆ ನೀರು ಹರಿದಿತ್ತು, ಬಾವಿಯಲ್ಲಿ ಫುಟ್‌ವಾಲ್ವ್ ಕಾಣುತ್ತಿತ್ತು. ಮೇ ತಿಂಗಳಲ್ಲಿ ಬಾವಿಯ ಒಂದು ರಾತ್ರಿಯ ನೀರು ಅಂದರೆ ಎಷ್ಟು ಎಂದು ಮಲೆನಾಡಿನ ಬೇಸಿಗೆ ಕಂಡವರಿಗೆ ಹೇಳಬೇಕಾಗಿಲ್ಲ.

"ನಾಲ್ಕು ತಿಂಗಳಲ್ಲಿ ಇದು ಮೂರನೆಯ ಸಲ," ಎಂದರು ಚಿಕ್ಕಪ್ಪ. "ಒಯ್ದು ಕೊಟ್ಟರೆ ಯಾವುದೋ ಒಂದು ಮೂರು ಕಾಲಿನದ್ದು ಬದಲಿಸಿ ಕೊಡುತ್ತಾರೆ. ಒಂದೂವರೆ ತಿಂಗಳು ಸರಿಯಿರುತ್ತದೆ. ಮತ್ತೆ ಹೀಗೆ. ಅದರ ಮೇಲೆ ಸಂಜೆ ಹೊತ್ತು ಇನ್ನೊಂದು ಕಾಟ. ಪಂಪ್ ಶುರುವಾಗುತ್ತದೆ, ನಿಲ್ಲುತ್ತದೆ, ಶುರುವಾಗುತ್ತದೆ, ನಿಲ್ಲುತ್ತದೆ. ಆ ಟಕ್ ಟಕ್ ಕೇಳಲಾರದೆ ನಾನೇ ಹೋಗಿ ಮೇನ್ ಆರಿಸುತ್ತೇನೆ."

ಎರಡು ದೂರುಗಳು, ಡಬ್ಬಿಯೊಳಗೆ ಒಂದೇ ಹಲಗೆ (ಸರ್ಕ್ಯೂಟ್ ಬೋರ್ಡ್). ಬಿಚ್ಚಿದ ಮೇಲೆ ಗೊತ್ತಾಯಿತು, ಎರಡರ ಬುಡದಲ್ಲೂ ಇದ್ದದ್ದು ಒಂದೊಂದು ರೂಪಾಯಿಯ ಆಸುಪಾಸಿನ ಡಯೋಡ್, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಬಿಡಿಭಾಗ. ನಾನು ಅಳೆದದ್ದು, ಅಳತೆ ನನ್ನನ್ನು ಎಲ್ಲಿ ದಾರಿ ತಪ್ಪಿಸಿತು, ಆಮೇಲೆ ಏನು ಬದಲಿಸಿದೆ ಎಂಬುದನ್ನು ಕ್ರಮವಾಗಿ ಬರೆದಿಡುತ್ತಿದ್ದೇನೆ. ಇಂಥ ಹಲಗೆಗಳು ಊರೂರಿನ ತೋಟಗಳಲ್ಲಿವೆ.

ಮೊದಲ ಸಂಜೆ: ಮುಚ್ಚಳ ತೆಗೆದದ್ದು

ಪ್ಲಗ್ ಕಿತ್ತು, ವಿದ್ಯುತ್ ತುಂಬಿಟ್ಟುಕೊಳ್ಳುವ ದೊಡ್ಡ ಕೆಪ್ಯಾಸಿಟರ್‌ನ ಎರಡು ಕಾಲುಗಳ ನಡುವೆ 1 ಕಿಲೋಓಮ್ ರೆಸಿಸ್ಟರ್ ಹಿಡಿದು ಖಾಲಿ ಮಾಡಿ, ಮೊದಲು ಹಲಗೆಯ ನಕ್ಷೆಯನ್ನು ಕಾಗದದ ಮೇಲೆ ಬಿಡಿಸಿಕೊಂಡೆ. ಸರಳ ರಚನೆ. 12 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರ್, ಎ.ಸಿ.ಯನ್ನು ಡಿ.ಸಿ. ಮಾಡುವ ನಾಲ್ಕು 1ಎನ್4007 ಡಯೋಡ್‌ಗಳ ಬ್ರಿಡ್ಜ್, 1000 ಮೈಕ್ರೋಫ್ಯಾರಡ್ 25 ವೋಲ್ಟ್ ಕೆಪ್ಯಾಸಿಟರ್. ಅಲ್ಲಿಂದ ಒಂದು ದಾರಿ ನೇರವಾಗಿ 12 ವೋಲ್ಟ್ ರಿಲೇಗೆ (ಸುರುಳಿಯ ಅಯಸ್ಕಾಂತ ಎಳೆದು ನಡೆಸುವ ಸ್ವಿಚ್), ಇನ್ನೊಂದು 5 ವೋಲ್ಟಿಗೆ ಇಳಿಸಿ ಕೊಡುವ 7805 ಐಸಿಯ ಮೂಲಕ ಇಡೀ ಡಬ್ಬಿಯ ಮಿದುಳಾದ ಮೈಕ್ರೋಕಂಟ್ರೋಲರ್‌ಗೆ. ಮೈಕ್ರೋಕಂಟ್ರೋಲರ್ ಬಿಸಿ547 ಟ್ರಾನ್ಸಿಸ್ಟರ್‌ಗೆ ಆಜ್ಞೆ ಕೊಡುತ್ತದೆ, ಟ್ರಾನ್ಸಿಸ್ಟರ್ ರಿಲೇಯನ್ನು ಎಳೆಯುತ್ತದೆ, ರಿಲೇ ಹೊರಗಿನ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚಿಗೆ 230 ವೋಲ್ಟ್ ಕೊಡುತ್ತದೆ, ಕಾಂಟ್ಯಾಕ್ಟರ್ ಮೋಟಾರನ್ನು ನಡೆಸುತ್ತದೆ.

ಚಿಕ್ಕಪ್ಪ ಹೇಳಿದ "ಮೂರು ಕಾಲಿನದ್ದು" ಇದೇ ಬಿಸಿ547. ಅದರ ಸುತ್ತ ಬೆಸುಗೆ ಮೂರು ಸಲ ಕರಗಿಸಿದ ಗುರುತಿತ್ತು. ತೆಗೆದು ಅಳೆದಾಗ ರಿಲೇಗೆ ಸೇರುವ ಕಾಲಾದ ಕಲೆಕ್ಟರ್‌ನಿಂದ ಇನ್ನೊಂದು ಕಾಲಾದ ಎಮಿಟರ್‌ಗೆ ಪೂರ್ತಿ ಶಾರ್ಟ್. ಅಂದರೆ ಮೈಕ್ರೋಕಂಟ್ರೋಲರ್ "ನಿಲ್ಲಿಸು" ಎಂದರೂ ಕೇಳುವವರಿಲ್ಲ. ರಿಲೇ ಎಳೆದುಕೊಂಡೇ ಇರುತ್ತದೆ. ರಾತ್ರಿಯಿಡೀ ನೀರು ಹರಿದದ್ದಕ್ಕೆ ಇಷ್ಟು ಸಾಕಾದ ಕಾರಣ.

ಆದರೆ ಟ್ರಾನ್ಸಿಸ್ಟರ್ ಏಕೆ ಸತ್ತಿತು? ರಿಲೇ ಸುರುಳಿಯ ರೆಸಿಸ್ಟೆನ್ಸ್ 400 ಓಮ್, 15 ವೋಲ್ಟ್ ಬಂದರೂ ಹರಿಯುವುದು 38 ಮಿಲಿಆಂಪಿಯರ್. ಬಿಸಿ547 ತಾಳುವುದು 100 ಮಿಲಿಆಂಪಿಯರ್. ಹೊರೆ ಹೆಚ್ಚಾಗಿ ಸತ್ತದ್ದಲ್ಲ.

ಆಗ ರಿಲೇ ಪಕ್ಕದಲ್ಲಿ ಕಣ್ಣಿಗೆ ಬಿದ್ದದ್ದು ಒಂದೇ ಕಾಲಿನ ಮೇಲೆ ನಿಂತ ಕಪ್ಪು ಡಯೋಡ್. ಇನ್ನೊಂದು ಕಾಲನ್ನು ಯಾರೋ ಕಟ್ಟರ್‌ನಿಂದ ನೀಟಾಗಿ ಕತ್ತರಿಸಿದ್ದರು. ಅದೂ 1ಎನ್4007. ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ ಎರಡೂ ದಿಕ್ಕಿನಲ್ಲಿ ಹಿಡಿದೆ. ಎರಡೂ ಕಡೆ 0.00. ಸರಿಯಿರುವ ಸಿಲಿಕಾನ್ ಡಯೋಡ್ ಒಂದು ದಿಕ್ಕಿನಲ್ಲಿ 0.5ರಿಂದ 0.7 ತೋರಿಸಿ, ಇನ್ನೊಂದು ದಿಕ್ಕಿನಲ್ಲಿ ಏನೂ ತೋರಿಸಬಾರದು. ಇದು ಬರಿಯ ತಂತಿಯಾಗಿಬಿಟ್ಟಿತ್ತು.

ಕಥೆ ಇಲ್ಲಿಗೆ ಸ್ಪಷ್ಟವಾಯಿತು. ಯಾವುದೋ ಸಿಡಿಲಿನ ಹೊತ್ತಿಗೋ ವೋಲ್ಟೇಜ್ ಏರಿದಾಗಲೋ ಆ ಡಯೋಡ್ ಶಾರ್ಟ್ ಆಗಿದೆ. ಅದು ಇರುವುದು ರಿಲೇ ಸುರುಳಿಗೆ ಅಡ್ಡಲಾಗಿ. ಅದು ಶಾರ್ಟ್ ಆದರೆ ಸುರುಳಿಗೆ ವಿದ್ಯುತ್ ಹೋಗುವುದಿಲ್ಲ, ಟ್ರಾನ್ಸಿಸ್ಟರ್ ತೆರೆದ ಕೂಡಲೇ ಇಡೀ ಸಪ್ಲೈ ಅದರ ಮೈಮೇಲೆ ಬೀಳುತ್ತದೆ. ಟ್ರಾನ್ಸಿಸ್ಟರ್ ಸುಟ್ಟಿದೆ. ದುರಸ್ತಿಗೆ ಕೂತವರು ಹೊಸದನ್ನು ಹಾಕಿದ್ದಾರೆ, ಅದೂ ಸುಟ್ಟಿದೆ. ಕೊನೆಗೆ ಡಯೋಡಿನ ಕಾಲು ಕತ್ತರಿಸಿ ನೋಡಿದ್ದಾರೆ. ರಿಲೇ ಟಕ್ ಎಂದಿದೆ. "ಇದಿಲ್ಲದಿದ್ದರೂ ನಡೆಯುತ್ತದೆ" ಎಂದು ಡಬ್ಬಿ ಮುಚ್ಚಿದ್ದಾರೆ.

ನಡೆಯುತ್ತದೆ, ಒಂದೂವರೆ ತಿಂಗಳು. ಈ ಒಂದು ಮಾತಿನ ಮೇಲೆ ನನಗೆ ನಿಜವಾದ ಸಿಟ್ಟಿದೆ. ಹಲಗೆಯ ಮೇಲೆ ಕೆಲಸ ಮಾಡದೆ ಸುಮ್ಮನೆ ಕೂತಂತೆ ಕಾಣುವ ಡಯೋಡ್‌ಗಳೇ ಬಹಳ ಸಲ ಉಳಿದವುಗಳ ಪ್ರಾಣ ಕಾಯುವಂಥವು.

ಒಂದು ಎಚ್ಚರಿಕೆ. ಆ ಕಾಲು ಕತ್ತರಿಸಿರದಿದ್ದರೆ ನನ್ನ ಮೀಟರ್ ಇಷ್ಟು ಸ್ಪಷ್ಟವಾಗಿ ಹೇಳುತ್ತಿರಲಿಲ್ಲ. ಡಯೋಡ್ ಪರೀಕ್ಷೆಯಲ್ಲಿ ಮೀಟರ್ ಸುಮಾರು 1 ಮಿಲಿಆಂಪಿಯರ್ ಕಳಿಸುತ್ತದೆ. ಡಯೋಡಿಗೆ ಅಡ್ಡಲಾಗಿ 400 ಓಮ್ ಸುರುಳಿ ಇದ್ದರೆ, ಡಯೋಡ್ ಚೆನ್ನಾಗಿದ್ದರೂ ಎರಡೂ ದಿಕ್ಕಿನಲ್ಲಿ 0.4ರ ಹತ್ತಿರ ತೋರಿಸುತ್ತದೆ. ಅದು ಸುರುಳಿಯ ಅಳತೆ. ಅದನ್ನು ನೋಡಿ "ಡಯೋಡ್ ಸೋರುತ್ತಿದೆ" ಎಂದು ಕಿತ್ತು ಹಾಕಿದವರನ್ನು ಕಂಡಿದ್ದೇನೆ. ಸುರುಳಿಯ ಜೊತೆಗಿರುವ ಡಯೋಡ್ ಅಳೆಯುವಾಗ ಒಂದು ಕಾಲಾದರೂ ಬೆಸುಗೆಯಿಂದ ಬಿಡಿಸಲೇಬೇಕು.

ರಾತ್ರಿ: ನಿಯಾನ್ ದೀಪದ ಮಿಂಚು

ಊಟವಾದ ಮೇಲೆ ಚಿಕ್ಕಪ್ಪ ಕೇಳಿದರು. "ಅಷ್ಟು ಸಣ್ಣ ವಸ್ತು ಇಲ್ಲದ್ದಕ್ಕೆ ಟ್ರಾನ್ಸಿಸ್ಟರ್ ಏಕೆ ಸಾಯಬೇಕು? 12 ವೋಲ್ಟ್ ತಾನೇ ಅಲ್ಲಿರುವುದು?"

ಬಾಯಿಮಾತಿಗಿಂತ ತೋರಿಸುವುದೇ ಒಳ್ಳೆಯದು ಎನಿಸಿತು. ಕೆಟ್ಟುಹೋದ ಲೈನ್ ಟೆಸ್ಟರ್ ಒಡೆದು ಅದರೊಳಗಿನ ಪುಟ್ಟ ನಿಯಾನ್ ದೀಪವನ್ನು ತೆಗೆದೆ. ನನ್ನ ಪೆಟ್ಟಿಗೆಯಲ್ಲಿದ್ದ ಅಂಥದ್ದೇ ಇನ್ನೊಂದು ರಿಲೇಯ ಸುರುಳಿಗೆ ಅಡ್ಡಲಾಗಿ ಅದನ್ನು ಕಟ್ಟಿ, ಬೈಕಿನ 12 ವೋಲ್ಟ್ ಬ್ಯಾಟರಿಯಿಂದ ಎರಡು ತಂತಿ ತಂದೆ. ನಿಯಾನ್ ಹೊತ್ತಬೇಕಾದರೆ ಕಡಿಮೆಯೆಂದರೂ 60-70 ವೋಲ್ಟ್ ಬೇಕು. 12 ವೋಲ್ಟ್ ಕೊಟ್ಟರೆ ಅದು ಕದಲುವುದೂ ಇಲ್ಲ.

ಜಗಲಿಯ ದೀಪ ಆರಿಸಿದೆವು. ತಂತಿ ತಾಗಿಸಿದೆ, ರಿಲೇ ಟಕ್ ಎಂದಿತು, ನಿಯಾನ್ ಕಪ್ಪಾಗಿಯೇ ಇತ್ತು. ತಂತಿ ಬಿಟ್ಟೆ. ಆ ಕ್ಷಣಕ್ಕೆ ಗಾಜಿನೊಳಗೆ ಒಂದು ಕೇಸರಿ ಮಿಂಚು. ಚಿಕ್ಕಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಇನ್ನೊಮ್ಮೆ ಮಾಡು."

ಹತ್ತು ಸಲ ಮಾಡಿದೆ, ಹತ್ತು ಸಲವೂ ಬಿಡುವಾಗಲೇ ಮಿಂಚು. ಗಮನವಿಟ್ಟು ನೋಡಿದರೆ ಇನ್ನೂ ಒಂದು ವಿಷಯ ಕಾಣುತ್ತದೆ. ದೀಪದೊಳಗಿನ ಎರಡು ಕಡ್ಡಿಗಳಲ್ಲಿ ಒಂದರ ಸುತ್ತ ಮಾತ್ರ ಬೆಳಕು. ಡಿ.ಸಿ.ಯಲ್ಲಿ ನಿಯಾನ್ ಋಣ ತುದಿಯ ಸುತ್ತ ಹೊಳೆಯುತ್ತದೆ. ಹೊಳೆದದ್ದು ಬ್ಯಾಟರಿಯ ಪ್ಲಸ್‌ಗೆ ಸೇರಿದ್ದ ಕಡ್ಡಿ! ಅಂದರೆ ತಂತಿ ಬಿಟ್ಟ ಕ್ಷಣ ಸುರುಳಿಯ ಪ್ಲಸ್ ತುದಿ ಮೈನಸ್ ಆಗಿದೆ, ಮೈನಸ್ ತುದಿ ಪ್ಲಸ್ ಆಗಿದೆ.

ಚಿಕ್ಕಪ್ಪನಿಗೆ ಹೇಳಲು ಪಂಪಿನ ಪೈಪಿಗಿಂತ ಒಳ್ಳೆಯ ಉದಾಹರಣೆ ಬೇಕಿರಲಿಲ್ಲ. ಪೈಪಿನಲ್ಲಿ ನೀರು ರಭಸದಿಂದ ಓಡುತ್ತಿರುವಾಗ ವಾಲ್ವನ್ನು ಫಟ್ಟನೆ ಮುಚ್ಚಿದರೆ ಇಡೀ ಪೈಪು ಧಡಾರ್ ಎಂದು ನಡುಗುತ್ತದೆ. ಓಡುವ ನೀರು ಒಮ್ಮೆಲೇ ನಿಲ್ಲಲಾರದು, ಮುಂದಿದ್ದದ್ದನ್ನು ಗುದ್ದುತ್ತದೆ. ಸುರುಳಿಯಲ್ಲಿ ಓಡುವ ವಿದ್ಯುತ್ತಿಗೂ ಅದೇ ಸ್ವಭಾವ. ಟ್ರಾನ್ಸಿಸ್ಟರ್ ದಾರಿ ಮುಚ್ಚಿದಾಗ ಅದು ನಿಲ್ಲಲೊಪ್ಪದೆ ವೋಲ್ಟೇಜನ್ನು ಏರಿಸುತ್ತಾ ಹೋಗುತ್ತದೆ, ಎಲ್ಲಾದರೂ ದಾರಿ ಒಡೆಯುವವರೆಗೆ. ಬಿಸಿ547 ಕಲೆಕ್ಟರ್ ತಾಳುವುದು 45 ವೋಲ್ಟ್ ಮಾತ್ರ. ಹಾಗಾಗಿ ದಾರಿ ಒಡೆಯುವುದು ಅಲ್ಲಿಯೇ. ಒಂದೇ ಪೆಟ್ಟು ತಿಂದು ಅದು ಸಾಯುವುದಿಲ್ಲ, ಏಕೆಂದರೆ ಸಣ್ಣ ಸುರುಳಿಯಲ್ಲಿ ತುಂಬಿರುವ ಶಕ್ತಿ ಕಡಿಮೆ. ದಿನಕ್ಕೆ ಐದಾರು ಪೆಟ್ಟಿನಂತೆ ತಿಂದು ತಿಂದು ಒಂದು ದಿನ ಸೋಲುತ್ತದೆ. ಬೇಸಿಗೆಯಲ್ಲಿ ಸಂಜೆಯ ಆ ಟಕ್ ಟಕ್ ಸೇರಿದರೆ ಪೆಟ್ಟುಗಳ ಲೆಕ್ಕ ಇನ್ನೂ ಬೆಳೆಯುತ್ತದೆ.

ಈಗ ನಿಯಾನ್ ಜೊತೆಗೆ ಒಂದು 1ಎನ್4007 ಸೇರಿಸಿದೆ, ಬೆಳ್ಳಿ ಪಟ್ಟೆ ಬ್ಯಾಟರಿಯ ಪ್ಲಸ್ ಕಡೆಗೆ. ಪಟ್ಟೆ ಇರುವ ತುದಿ ಕ್ಯಾಥೋಡ್, ಅಂದರೆ ವಿದ್ಯುತ್ ಹೊರಬರುವ ಕಡೆ. ರಿಲೇ ಎಳೆದಿರುವಾಗ ಈ ಡಯೋಡ್ ಉಲ್ಟಾ ನಿಂತಿರುತ್ತದೆ, ಒಂದು ಹನಿಯನ್ನೂ ಬಿಡುವುದಿಲ್ಲ. ತಂತಿ ಬಿಟ್ಟಾಗ ಸುರುಳಿಯ ತುದಿಗಳು ಅದಲುಬದಲಾಗುತ್ತವಲ್ಲ, ಆಗ ಡಯೋಡ್ ತೆರೆದುಕೊಂಡು ಸುರುಳಿಯ ವಿದ್ಯುತ್ತನ್ನು ಸುರುಳಿಯೊಳಗೇ ಸುತ್ತಿಸಿ ತಣಿಸುತ್ತದೆ. ಕಲೆಕ್ಟರ್ ಸಪ್ಲೈಗಿಂತ 0.7 ವೋಲ್ಟ್ ಮಾತ್ರ ಮೇಲೇರುತ್ತದೆ. ತಂತಿ ತಾಗಿಸಿ ಬಿಟ್ಟೆ, ಕತ್ತಲೆಯೇ. ಇಪ್ಪತ್ತು ಸಲ ಮಾಡಿದರೂ ಕತ್ತಲೆಯೇ.

"ಇದನ್ನು ಕತ್ತರಿಸಿದ್ದರೇ!" ಎಂದು ಚಿಕ್ಕಪ್ಪ ಎದ್ದು ನಿಂತರು.

ಈ ಜಾಗಕ್ಕೆ ಯಾವ ಡಯೋಡ್ ಬೇಕು ಎಂಬ ಪ್ರಶ್ನೆ ಕಲಿಯುವವರಿಂದ ಮತ್ತೆ ಮತ್ತೆ ಬರುತ್ತದೆ. ವೋಲ್ಟೇಜ್ ನೂರಾರು ಏರುತ್ತದೆ ಎಂದಮಾತ್ರಕ್ಕೆ ಕರೆಂಟ್ ಕೂಡ ಏರುವುದಿಲ್ಲ. ಟ್ರಾನ್ಸಿಸ್ಟರ್ ಮುಚ್ಚುವ ಮುನ್ನ ಸುರುಳಿಯಲ್ಲಿದ್ದ 38 ಮಿಲಿಆಂಪಿಯರ್ ಎಷ್ಟೋ ಅಷ್ಟೇ ಡಯೋಡಿನಲ್ಲಿ ಮೊದಲು ಹರಿಯುವುದು, ಆಮೇಲೆ ಇಳಿಯುತ್ತದೆ. ಲೆಕ್ಕಕ್ಕೆ ಗಾಜಿನ ಸಣ್ಣ 1ಎನ್4148 ಕೂಡ ಸಾಕು. ನಾನು 1 ಆಂಪಿಯರ್ ತಾಳುವ 1ಎನ್4007 ಹಾಕುವುದು ಗಟ್ಟಿತನಕ್ಕಾಗಿ. ಅದು ನಿಧಾನಿ, ಆದರೆ ದಿನಕ್ಕೆ ಹತ್ತು ಸಲ ತೆರೆದು ಮುಚ್ಚುವ ರಿಲೇಗೆ ನಿಧಾನಿ ಆದರೆ ನಷ್ಟವಿಲ್ಲ. ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುವ ಮೋಟಾರ್ ವೇಗ ನಿಯಂತ್ರಕದಲ್ಲಿ ಮಾತ್ರ ಇದು ಸಲ್ಲದು. ಅಲ್ಲಿ ಯುಎಫ್4007 ತರಹದ ವೇಗದ್ದೋ ಶಾಟ್ಕಿ ಡಯೋಡೋ ಬೇಕು.

ಎರಡನೆಯ ದಿನ: ನಾಲ್ಕೂ ಸರಿ ಎಂದ ಮೀಟರ್

ಹೊಸ ಬಿಸಿ547, ಹೊಸ ಡಯೋಡ್ ಹಾಕಿ, ಸರಣಿಯಲ್ಲಿ ಒಂದು 25 ವ್ಯಾಟ್ ಬಲ್ಬ್ ಇಟ್ಟು ಪ್ಲಗ್ ಚುಚ್ಚಿದೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಬೆಳಗುತ್ತದೆ, ಹಲಗೆ ಉಳಿಯುತ್ತದೆ. ಬಲ್ಬ್ ಬೆಳಗಲಿಲ್ಲ. ಬಲ್ಬ್ ತೆಗೆದು ನೇರ ಸಪ್ಲೈ ಕೊಟ್ಟೆ. ಮೊದಲ ದೂರು ತೀರಿತು. ಆದರೆ ಸಂಜೆಯ ಟಕ್ ಟಕ್?

ಅದು ನಡೆಯುವ ಬಗೆ ಹೀಗೆ. ಮೋಟಾರ್ ಶುರುವಾಗುವಾಗ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಉದ್ದದ ಲೈನಿನ ತುದಿಯಲ್ಲಿರುವ ಮನೆ, ಸಂಜೆ ಎಲ್ಲರ ಹೊರೆಯೂ ಲೈನಿನ ಮೇಲೆ. ಆ ಕ್ಷಣಕ್ಕೆ ಇಲ್ಲಿ 150 ವೋಲ್ಟಿಗೆ ಇಳಿದದ್ದನ್ನು ನಾನೇ ಮೀಟರಿನಲ್ಲಿ ನೋಡಿದೆ. ಮೈಕ್ರೋಕಂಟ್ರೋಲರ್‌ಗೆ ಸಾಕಷ್ಟು ವೋಲ್ಟೇಜ್ ಸಿಗದೆ ರೀಸೆಟ್ ಆಗುತ್ತದೆ. ರಿಲೇ ಬಿಡುತ್ತದೆ, ಮೋಟಾರ್ ನಿಲ್ಲುತ್ತದೆ, ವೋಲ್ಟೇಜ್ ಮೇಲೇರುತ್ತದೆ, ಮೈಕ್ರೋಕಂಟ್ರೋಲರ್ ಎದ್ದು ನೀರಿಲ್ಲ ಎಂದು ಮತ್ತೆ ಪಂಪ್ ಹಾಕುತ್ತದೆ. ಮತ್ತೆ ಅದೇ.

ಆದರೆ 150 ವೋಲ್ಟಿನಲ್ಲೂ ಈ ಹಲಗೆ ಬದುಕಬೇಕು. ಲೆಕ್ಕ ಹಾಕಿ ನೋಡಿದೆ. 230ಕ್ಕೆ 12 ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರ್ 150ಕ್ಕೆ 7.8 ಕೊಡುತ್ತದೆ. ಅಲೆಯ ತುದಿ ಅದರ 1.41 ಪಟ್ಟು, ಅಂದರೆ 11 ವೋಲ್ಟ್. ಬ್ರಿಡ್ಜಿನಲ್ಲಿ ಪ್ರತಿ ಅರ್ಧ ಅಲೆಯೂ ಎರಡು ಡಯೋಡ್ ದಾಟಬೇಕು, ಅವು ಸುಮಾರು 1.5 ವೋಲ್ಟ್ ಸುಂಕ ತೆಗೆದುಕೊಳ್ಳುತ್ತವೆ. ಕೆಪ್ಯಾಸಿಟರ್‌ಗೆ 9.5 ಉಳಿಯಿತು. 7805ಗೆ ಬೇಕಾದದ್ದು 7. ಸಾಕಾಗಬೇಕಿತ್ತು.

ಕೆಪ್ಯಾಸಿಟರ್ ಮೇಲೆ ಅನುಮಾನ ಬಂತು. ಮೇಲ್ಭಾಗ ಸ್ವಲ್ಪ ಉಬ್ಬಿತ್ತು. ತೆಗೆದು ಅಳೆದರೆ 1000 ಇರಬೇಕಾದಲ್ಲಿ 290 ಮೈಕ್ರೋಫ್ಯಾರಡ್. ಒಣಗಿದೆ. ಸಿಕ್ಕಿತು ಎಂದುಕೊಂಡೆ. ಆದರೂ ಲೆಕ್ಕ ಕೂಡುವುದಿಲ್ಲ. ಹಲಗೆ ಎಳೆಯುವುದು ಸುಮಾರು 60 ಮಿಲಿಆಂಪಿಯರ್. ಬ್ರಿಡ್ಜಿನಿಂದ ಪ್ರತಿ 10 ಮಿಲಿಸೆಕೆಂಡಿಗೆ ಒಮ್ಮೆ ಕೆಪ್ಯಾಸಿಟರ್ ತುಂಬುತ್ತದೆ. ನಡುವೆ ಇಳಿಯುವುದು ಹೆಚ್ಚೆಂದರೆ 2 ವೋಲ್ಟ್. 9.5ರಲ್ಲಿ 2 ಕಳೆದರೆ 7.5. ಕಷ್ಟಪಟ್ಟಾದರೂ ನಿಲ್ಲಬೇಕಿತ್ತು.

ಆದ್ದರಿಂದ ಬ್ರಿಡ್ಜನ್ನೇ ನೋಡಿದೆ. ಪ್ಲಗ್ ಕಿತ್ತು ನಾಲ್ಕೂ ಡಯೋಡ್‌ಗಳನ್ನು ಹಲಗೆಯ ಮೇಲೆಯೇ ಅಳೆದೆ. 0.57, 0.58, 0.57, 0.57. ಉಲ್ಟಾ ದಿಕ್ಕಿನಲ್ಲಿ ಯಾವುದೂ ಶಾರ್ಟ್ ಇಲ್ಲ. ನಾಲ್ಕೂ ಚೆನ್ನಾಗಿವೆ ಎಂದಿತು ಮೀಟರ್. ಹಿಂದೆ ನೋಡಿದವರೂ ಇಲ್ಲಿಯವರೆಗೆ ಬಂದು ಹಿಂದಿರುಗಿದ್ದರೆ ಆಶ್ಚರ್ಯವಿಲ್ಲ.

ಹಳೆಯ ಕೆಪ್ಯಾಸಿಟರನ್ನೇ ತಿರುಗಿ ಬೆಸೆದು, ಸಪ್ಲೈ ಕೊಟ್ಟು, ರಿಲೇ ಎಳೆದಿರುವಾಗ ಅದರ ಮೇಲೆ ಅಳೆದೆ. ಡಿ.ಸಿ. 13.6 ವೋಲ್ಟ್. ಎ.ಸಿ. ಕಡೆಗೆ ತಿರುಗಿಸಿದರೆ 1.1 ವೋಲ್ಟ್, ಇದು ಡಿ.ಸಿ.ಯ ಮೇಲೆ ಸವಾರಿ ಮಾಡುತ್ತಿರುವ ಏರಿಳಿತ. ನನ್ನ ಮೀಟರಿನಲ್ಲಿ ಆವರ್ತನ ಅಳೆಯುವ ಗುಂಡಿಯಿದೆ. ಒತ್ತಿದೆ. 50 ಹರ್ಟ್ಜ್.

ಅಲ್ಲಿ 100 ಇರಬೇಕು. ನಾಲ್ಕು ಡಯೋಡಿನ ಬ್ರಿಡ್ಜ್ ಅಲೆಯ ಮೇಲಿನ ಅರ್ಧವನ್ನೂ ಕೆಳಗಿನ ಅರ್ಧವನ್ನೂ ಒಂದೇ ದಿಕ್ಕಿಗೆ ತಿರುಗಿಸಿ ಕೊಡುತ್ತದೆ, ಹಾಗಾಗಿ ಸೆಕೆಂಡಿಗೆ 100 ಉಬ್ಬು. 50 ಎಂದರೆ ಒಂದು ಅರ್ಧ ಬರುತ್ತಲೇ ಇಲ್ಲ. ಯಾವುದೋ ಒಂದು ಡಯೋಡ್ ಒಳಗೇ ಕಡಿದುಹೋಗಿದೆ. ಆದರೆ ಮೀಟರ್ ಈಗಷ್ಟೇ ನಾಲ್ಕೂ ಸರಿ ಎಂದಿತ್ತು.

ನಕ್ಷೆಯ ಮುಂದೆ ಐದು ನಿಮಿಷ ಕೂತ ಮೇಲೆ ಹೊಳೆಯಿತು. ಬ್ರಿಡ್ಜಿನಲ್ಲಿ ಪ್ಲಸ್ ಕಡೆಗೆ ಪಟ್ಟೆ ಇಟ್ಟು ನಿಂತ ಡಯೋಡ್‌ಗಳು ಎರಡು. ಅವುಗಳ ಇನ್ನೊಂದು ತುದಿಗಳು ಟ್ರಾನ್ಸ್‌ಫಾರ್ಮರಿನ ಎರಡು ತಂತಿಗಳಿಗೆ ಸೇರಿವೆ. ಆ ಎರಡು ತಂತಿಗಳ ನಡುವೆ ಇರುವುದು ಕೆಲವೇ ಓಮ್‌ಗಳ ಸುತ್ತು. ಅಂದರೆ ಮೀಟರಿನ ಪಾಲಿಗೆ ಆ ಎರಡು ಡಯೋಡ್‌ಗಳು ಪಕ್ಕಪಕ್ಕ ಕಟ್ಟಿದ ಜೋಡಿ. ಒಂದು ಸತ್ತಿದ್ದರೂ ಮೀಟರಿನ ಕರೆಂಟ್ ಟ್ರಾನ್ಸ್‌ಫಾರ್ಮರ್ ಸುತ್ತಿನ ಮೂಲಕ ಹಾದು ಅಣ್ಣನ ಬದಲು ತಮ್ಮನನ್ನು ಅಳೆದು ಬರುತ್ತದೆ, 0.57 ಎನ್ನುತ್ತದೆ.

ಟ್ರಾನ್ಸ್‌ಫಾರ್ಮರಿನ ಒಂದು ತಂತಿ ಬಿಡಿಸಿ ಮತ್ತೆ ಅಳೆದೆ. 0.57, 0.57, 0.58. ನಾಲ್ಕನೆಯದಕ್ಕೆ ಯಾವ ದಿಕ್ಕಿನಲ್ಲೂ ಏನೂ ಇಲ್ಲ. ಬೆಸುಗೆ ಕರಗಿಸಿ ಎಳೆದಾಗ ಆ ಡಯೋಡಿನ ಮೈ ಎರಡು ತುಂಡಾಗಿ ಕೈಗೆ ಬಂತು. ಹೊರಗಿನಿಂದ ಕೂದಲೆಳೆಯಷ್ಟು ಬಿರುಕೂ ಕಂಡಿರಲಿಲ್ಲ.

ಈಗ ಲೆಕ್ಕ ಕೂಡಿತು. ಒಂದು ಅರ್ಧ ಇಲ್ಲದಿದ್ದರೆ ಕೆಪ್ಯಾಸಿಟರ್ ತುಂಬುವುದು 20 ಮಿಲಿಸೆಕೆಂಡಿಗೆ ಒಮ್ಮೆ. 290 ಮೈಕ್ರೋಫ್ಯಾರಡಿನಲ್ಲಿ ನಡುವಿನ ಇಳಿತ 4 ವೋಲ್ಟ್. 9.5ರಲ್ಲಿ 4 ಕಳೆದರೆ 5.5. ಅಷ್ಟರಲ್ಲಿ 7805 ಸೋಲುತ್ತದೆ, ಮೈಕ್ರೋಕಂಟ್ರೋಲರ್‌ಗೆ 4 ವೋಲ್ಟೂ ತಲುಪುವುದಿಲ್ಲ. ಒಣಗಿದ ಕೆಪ್ಯಾಸಿಟರ್ ಒಂದೇ ಇದ್ದಿದ್ದರೆ ನಡೆಯುತ್ತಿತ್ತು, ಸತ್ತ ಡಯೋಡ್ ಒಂದೇ ಇದ್ದಿದ್ದರೂ ನಡೆಯುತ್ತಿತ್ತು. ಎರಡೂ ಕೂಡಿ ಸಂಜೆಯ ಹೊತ್ತಿಗೆ ಸೋಲಿಸಿದವು. ಹೊರೆ ಇಲ್ಲದಾಗ ಅಳೆದರೆ ಅರ್ಧ ಅಲೆಯೂ ಕೆಪ್ಯಾಸಿಟರನ್ನು ಅದೇ ತುದಿಯವರೆಗೆ ತುಂಬಿಸುವುದರಿಂದ ವೋಲ್ಟೇಜ್ ಸರಿಯೇ ಕಾಣುತ್ತದೆ. ಬೆಂಚಿನ ಮೇಲೆ ದೋಷ ಸಿಗದಿರಲು ಇದೇ ಕಾರಣ.

ನಾಲ್ಕನ್ನೂ ಬದಲಿಸಿದೆ. ಒಂದು ಒಡೆದ ಹೊಡೆತವನ್ನು ಉಳಿದ ಮೂರೂ ತಿಂದಿರುತ್ತವೆ. ಕೆಪ್ಯಾಸಿಟರನ್ನು 1000 ಮೈಕ್ರೋಫ್ಯಾರಡ್ 35 ವೋಲ್ಟ್, 105 ಡಿಗ್ರಿ ಬಿಸಿ ತಾಳುವಂಥದ್ದು ಹಾಕಿದೆ. ಮೊದಲಿನದು 25 ವೋಲ್ಟ್. ನಡುರಾತ್ರಿ ಇಲ್ಲಿ 260 ವೋಲ್ಟ್ ಬರುವುದುಂಟು, ಸಣ್ಣ ಟ್ರಾನ್ಸ್‌ಫಾರ್ಮರ್‌ಗಳು ಹೊರೆಯಿಲ್ಲದಾಗ ಬರೆದದ್ದಕ್ಕಿಂತ ಹೆಚ್ಚು ಕೊಡುತ್ತವೆ. ಎರಡೂ ಸೇರಿದರೆ 25ರ ಅಂಚಿಗೆ ಬರುತ್ತದೆ. ಉಬ್ಬಿದ ತಲೆಗೆ ಅದೂ ಕಾರಣವಿದ್ದೀತು.

ಮತ್ತೆ ಅಳತೆ: ರಿಲೇ ಎಳೆದಿರುವಾಗ 15.1 ವೋಲ್ಟ್, ಏರಿಳಿತ 0.17, ಆವರ್ತನ 100.

ನಡುವೆ ಒಂದು ಗಾಜಿನ ತುಣುಕು

ಬಿಡಿಭಾಗ ಹುಡುಕುವಾಗ ಚಿಕ್ಕಪ್ಪ ಅಟ್ಟದಿಂದ ಒಂದು ತಗಡಿನ ಡಬ್ಬಿ ತಂದರು. ಅಜ್ಜನ ಕಾಲದ ರೇಡಿಯೊ ಬಿಚ್ಚಿದಾಗ ಉಳಿದ ಸಾಮಾನು. ಅದರಲ್ಲಿ ಒಂದು ಗಾಜಿನ ಡಯೋಡ್, ಮೈಮೇಲೆ ಮಾಸಿದ ಅಕ್ಷರ ಒಎ79. ಮೀಟರ್ ಹಿಡಿದರೆ 0.26. ಜರ್ಮೇನಿಯಂ! ಅಷ್ಟು ವರ್ಷ ಅಟ್ಟದ ಹೊಗೆಯಲ್ಲಿದ್ದೂ ಬದುಕಿದೆ.

ಧಾರವಾಡ ಆಕಾಶವಾಣಿಯ ದನಿಯನ್ನು ರೇಡಿಯೊ ಅಲೆಯಿಂದ ಬೇರ್ಪಡಿಸಿ ಅಜ್ಜನ ಕಿವಿಗೆ ಮುಟ್ಟಿಸುತ್ತಿದ್ದದ್ದು ಈ ಒಂದು ತುಣುಕು. ಅಲೆಯ ಮೇಲಿನ ಅರ್ಧವನ್ನು ಮಾತ್ರ ಬಿಟ್ಟು, ಅದರ ಏರಿಳಿತವನ್ನು ಪುಟ್ಟ ಕೆಪ್ಯಾಸಿಟರ್ ಮೇಲೆ ಹಿಡಿದರೆ ಮಾತು ಕೇಳಿಸುತ್ತದೆ. ಕೆಲಸ ನನ್ನ ಬ್ರಿಡ್ಜಿನದ್ದೇ, ಅಳತೆ ಬೇರೆ. ಅಲ್ಲಿ ಬರುವ ಅಲೆ ಎಷ್ಟು ಬಡವೆಂದರೆ ಸಿಲಿಕಾನಿನ 0.6 ವೋಲ್ಟಿನ ಹೊಸ್ತಿಲನ್ನು ದಾಟಲಾರದು, ಹಾಗಾಗಿ ತಗ್ಗು ಹೊಸ್ತಿಲಿನ ಜರ್ಮೇನಿಯಂ. ಹರಳಿನ ಮೇಲೆ ತಂತಿ ಒತ್ತಿದರೆ ವಿದ್ಯುತ್ ಒಂದೇ ದಿಕ್ಕಿಗೆ ಹರಿಯುತ್ತದೆ ಎಂದು ಕಾರ್ಲ್ ಫರ್ಡಿನಾಂಡ್ ಬ್ರೌನ್ 1874ರಲ್ಲೇ ಕಂಡಿದ್ದ. ಕೋಲ್ಕತ್ತದಲ್ಲಿ ಜಗದೀಶ್ ಚಂದ್ರ ಬೋಸರು ಗೆಲೀನಾ ಹರಳಿನಿಂದ ಅಲೆ ಹಿಡಿಯುವ ಸಾಧನ ಮಾಡಿ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಆ ಸಾಲಿನ ವಸ್ತುವೊಂದು ತೋಟದ ಮನೆಯ ಅಟ್ಟದಲ್ಲಿತ್ತು ಎಂದು ಹೇಳಿದಾಗ ಚಿಕ್ಕಪ್ಪ ಅದನ್ನು ಹತ್ತಿಯಲ್ಲಿ ಸುತ್ತಿ ದೇವರ ಕೋಣೆಯ ಗೂಡಿನಲ್ಲಿಟ್ಟರು.

ಟ್ಯಾಂಕಿನ ತಂತಿ

ಸಿಡಿಲಿನ ಕಾಲ ಎದುರಿಗಿತ್ತು. ದಿಬ್ಬದಿಂದ ಬರುವ 60 ಮೀಟರ್ ತಂತಿ ನೇರವಾಗಿ ಮೈಕ್ರೋಕಂಟ್ರೋಲರ್‌ನ ಕಾಲಿಗೆ ಸೇರಿತ್ತು, ನಡುವೆ ಏನೂ ಇಲ್ಲ. ಎಲ್ಲೋ ಹತ್ತಿರ ಸಿಡಿಲು ಬಡಿದರೂ ಇಷ್ಟುದ್ದದ ತಂತಿಯಲ್ಲಿ ನೂರಾರು ವೋಲ್ಟ್ ಹುಟ್ಟುತ್ತದೆ. ಇದುವರೆಗೆ ಉಳಿದದ್ದೇ ಪುಣ್ಯ.

ಟ್ಯಾಂಕಿನ ನೀರನ್ನು ಮುಟ್ಟಿ ಮಟ್ಟ ತಿಳಿಸುವ ಪ್ರೋಬ್‌ಗಳ ಮೂರು ಸಾಲುಗಳಿಗೂ ಒಂದೇ ಬಗೆಯ ಕಾವಲು ಹಾಕಿದೆ. ಮೊದಲು ಸರಣಿಯಲ್ಲಿ ಎರಡು 4.7 ಕಿಲೋಓಮ್ ರೆಸಿಸ್ಟರ್. ಒಂದೇ ದೊಡ್ಡದನ್ನು ಹಾಕದೆ ಎರಡು ಹಾಕಿದ್ದು ವೋಲ್ಟೇಜ್ ಎರಡರ ನಡುವೆ ಹಂಚಿಹೋಗಲಿ ಎಂದು, ಕಾಲು ವ್ಯಾಟಿನ ರೆಸಿಸ್ಟರ್ ತಾಳುವ ವೋಲ್ಟೇಜಿಗೂ ಮಿತಿಯಿದೆ. ಅದಾದ ಮೇಲೆ ಎರಡು 1ಎನ್4148. ಒಂದು ಸಾಲಿನಿಂದ 5 ವೋಲ್ಟಿಗೆ, ಪಟ್ಟೆ 5 ವೋಲ್ಟಿನ ಕಡೆ. ಇನ್ನೊಂದು ನೆಲದಿಂದ (ಹಲಗೆಯ ಸೊನ್ನೆ ವೋಲ್ಟಿನ ತುದಿ) ಸಾಲಿಗೆ, ಪಟ್ಟೆ ಸಾಲಿನ ಕಡೆ. ಸಾಲು 5.7ಕ್ಕಿಂತ ಮೇಲೆ ಹೋದರೆ ಮೊದಲನೆಯದು ತೆರೆದು 5 ವೋಲ್ಟಿಗೆ ಸುರಿಯುತ್ತದೆ, ಸೊನ್ನೆಗಿಂತ 0.7 ಕೆಳಗೆ ಹೋದರೆ ಎರಡನೆಯದು ನೆಲಕ್ಕೆ ಹಿಡಿಯುತ್ತದೆ. 1000 ವೋಲ್ಟಿನ ಹೊಡೆತ ಬಂದರೂ 9.4 ಕಿಲೋಓಮ್ ದಾಟಿ ಬರುವುದು 100 ಮಿಲಿಆಂಪಿಯರ್ ಚಿಲ್ಲರೆ.

ಇಲ್ಲಿ ಒಂದು ಸೂಕ್ಷ್ಮವಿದೆ, ನಕ್ಷೆಗಳಲ್ಲಿ ಇದನ್ನು ಬಿಟ್ಟಿರುವುದೇ ಹೆಚ್ಚು. ಮೊದಲ ಡಯೋಡ್ ಹೊಡೆತವನ್ನು 5 ವೋಲ್ಟ್ ಸಾಲಿಗೆ ಸುರಿಯುತ್ತದೆ ಎಂದೆನಲ್ಲ, ಆ ಸಾಲು ಅದನ್ನು ಎಲ್ಲಿಗೆ ಕಳಿಸಬೇಕು? 7805 ಕರೆಂಟ್ ಕೊಡಬಲ್ಲದು, ಹಿಂದಕ್ಕೆ ಹೀರಿಕೊಳ್ಳಲಾರದು. 5 ವೋಲ್ಟ್ ಸಾಲೇ ಮೇಲೇರಿ, ಕಾಯಬೇಕಾದ ಮೈಕ್ರೋಕಂಟ್ರೋಲರನ್ನೇ ಸುಡಬಹುದು. ಅದಕ್ಕಾಗಿ 5 ವೋಲ್ಟ್ ಸಾಲಿಗೂ ನೆಲಕ್ಕೂ ನಡುವೆ ಒಂದು 5.6 ವೋಲ್ಟ್ 1 ವ್ಯಾಟ್ ಜೀನರ್, 1ಎನ್4734ಎ, ಉಲ್ಟಾ ಕಟ್ಟಿದೆ. ಎಂದಿನ 5 ವೋಲ್ಟಿನಲ್ಲಿ ಅದು ಹೆಚ್ಚುಕಡಿಮೆ ಸುಮ್ಮನಿರುತ್ತದೆ, 5.6 ದಾಟಿದರೆ ಹೆಚ್ಚಿನದ್ದನ್ನು ನೆಲಕ್ಕೆ ಹರಿಸುತ್ತದೆ. ಕೆರೆಯ ಕೋಡಿಯಂತೆ. 7805ರ ಹೊರತುದಿಯಿಂದ ಒಳತುದಿಗೂ ಒಂದು 1ಎನ್4007 ಹಾಕಿದೆ. ಒಳಗಿನ ವೋಲ್ಟೇಜ್ ಹೊರಗಿನದಕ್ಕಿಂತ ಬೇಗ ಬಿದ್ದರೆ ಹಿಮ್ಮುಖ ಹರಿವು ಐಸಿಯ ಮೈಯೊಳಗೆ ಹೋಗದೆ ಆ ಡಯೋಡಿನ ಮೂಲಕ ಹಾಯಲಿ ಎಂದು.

ಪ್ರೋಬ್ ಸಾಲಿಗೆ ಶಾಟ್ಕಿ ಹಾಕಬಹುದಲ್ಲ, ಅದು ಇನ್ನೂ ಬೇಗ 0.3 ವೋಲ್ಟಿಗೇ ತೆರೆಯುತ್ತದೆ ಎಂದು ಕೇಳಬಹುದು. ಶಾಟ್ಕಿ ಉಲ್ಟಾ ದಿಕ್ಕಿನಲ್ಲಿ ಹೆಚ್ಚು ಸೋರುತ್ತದೆ, ಬಿಸಿಲಿನಲ್ಲಿ ಇನ್ನೂ ಹೆಚ್ಚು. ನೀರಿನ ಮೂಲಕ ಬರುವ ಕರೆಂಟೇ ಅತಿ ಸಣ್ಣದು, ಸೋರಿಕೆ ಅದನ್ನು ಕೆಡಿಸಬಾರದು. ಇಲ್ಲಿಗೆ ಹಳೆಯ 4148 ಒಳ್ಳೆಯದು.

ನೇರ ಸಿಡಿಲಿಗೆ ಇದಾವುದೂ ತಡೆಯಲ್ಲ. ಅದನ್ನು ಚಿಕ್ಕಪ್ಪನಿಗೆ ಬಿಡಿಸಿ ಹೇಳಿ, ಗುಡುಗು ಶುರುವಾದರೆ ಕೈಯಿಂದಲೇ ಕೀಳಲು ಬರುವಂತೆ ಪ್ರೋಬ್ ತಂತಿಗೆ ಪ್ಲಗ್ ಹಾಕಿಕೊಟ್ಟೆ.

ಪಕ್ಕದ ಮನೆಯವರ ಸಲಹೆ

ಜೋಡಿಸುತ್ತಿರುವಾಗ ಪಕ್ಕದ ತೋಟದ ಹಿರಿಯರು ಬಂದು ಕೂತರು. ನಿಯಾನ್ ಕಥೆ ಕೇಳಿ, "ಹಾಗಾದರೆ ಆ ದೊಡ್ಡ ಕಾಂಟ್ಯಾಕ್ಟರ್ ಸುರುಳಿಗೂ ಒಂದು ಡಯೋಡ್ ಹಾಕಿಬಿಡು" ಎಂದರು. ಯೋಚನೆ ಸರಿಯಾದದ್ದೇ, ಆ ಸುರುಳಿಯೂ ಬಿಡುವಾಗ ಗುದ್ದುತ್ತದೆ. ಆದರೆ ಅದು 230 ವೋಲ್ಟ್ ಎ.ಸಿ. ಸುರುಳಿ. ಎ.ಸಿ.ಗೆ ಅಡ್ಡಲಾಗಿ ಡಯೋಡ್ ಇಟ್ಟರೆ ಪ್ರತಿ ಎರಡನೆಯ ಅರ್ಧ ಅಲೆಗೂ ಅದು ಪೂರ್ತಿ ಶಾರ್ಟ್. ಮೊದಲ ಕ್ಷಣದಲ್ಲೇ ಸಿಡಿಯುತ್ತದೆ, ಜೊತೆಗೆ ರಿಲೇಯ ಕಾಂಟ್ಯಾಕ್ಟ್ ಬೆಸೆದುಹೋಗುತ್ತದೆ. "ಅಯ್ಯಾ, ಇಲ್ಲಿ ಬೇಡ," ಎಂದು ನಕ್ಷೆ ಬಿಡಿಸಿ ತೋರಿಸಿದೆ. ಎ.ಸಿ. ಸುರುಳಿಗೆ ಸಲ್ಲುವುದು ಸರಣಿಯಲ್ಲಿ ಕಟ್ಟಿದ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್. ಕೆಪ್ಯಾಸಿಟರ್ ಮೇಲೆ ಎಕ್ಸ್2 ಎಂಬ ಗುರುತು ಇರಲೇಬೇಕು, ಮೇನ್ಸ್‌ಗೆ ಅಡ್ಡಲಾಗಿ ಇರಲು ಮಾಡಿದ್ದು ಅದು. ಅದನ್ನೇ ಹಾಕಿದೆ.

ಕೊನೆಯ ಪರೀಕ್ಷೆ

ಸಂಜೆ ಏಳು ಗಂಟೆಗೆ, ಲೈನ್ ಎಲ್ಲಕ್ಕಿಂತ ಬಳಲಿರುವ ಹೊತ್ತಿಗೆ, ಪ್ರೋಬ್‌ಗಳನ್ನು ನೀರಿನ ಬಕೆಟ್‌ನಲ್ಲಿ ಅದ್ದಿ ತೆಗೆದು ಪಂಪನ್ನು ನಿಮಿಷಕ್ಕೊಂದರಂತೆ ಹತ್ತು ಸಲ ಶುರುಮಾಡಿದೆ. ಬಾವಿಯ ನೀರು ಉಳಿಯಲೆಂದು ಪ್ರತಿ ಸಲ ಕೆಲವೇ ಸೆಕೆಂಡ್. ಮೇನ್ಸ್ ಒಮ್ಮೆ 148ಕ್ಕೆ ಇಳಿಯಿತು. ಜಗಲಿಯ ದೀಪ ಮಂಕಾಗಿ ಮತ್ತೆ ಬೆಳಗಿತು. ರಿಲೇ ಒಂದು ಸಲವೂ ಬಿಡಲಿಲ್ಲ. ಮಾತಿಗೆ ಕೂತಿದ್ದ ಚಿಕ್ಕಮ್ಮ ಮಾತು ನಿಲ್ಲಿಸಿ ಕಿವಿಗೊಟ್ಟರು, ಟಕ್ ಟಕ್ ಇಲ್ಲ. ಬಾವಿಯ ಕಡೆಯಿಂದ ಮೋಟಾರಿನ ಗುಂಯ್ ಮಾತ್ರ.

ಡಬ್ಬಿ ಮುಚ್ಚುವ ಮುನ್ನ ಮುಚ್ಚಳದ ಒಳಮೈಗೆ ಒಂದು ಕಾಗದ ಅಂಟಿಸಿದೆ. ಹಲಗೆಯ ನಕ್ಷೆ, ಪ್ರತಿ ಡಯೋಡಿನ ಪಟ್ಟೆ ಯಾವ ಕಡೆಗೆ ಎಂಬ ಗುರುತು, ಸರಿಯಿದ್ದಾಗಿನ ಮೂರು ಅಳತೆಗಳು. ಕೆಳಗೆ ಕೆಂಪು ಶಾಯಿಯಲ್ಲಿ: "ರಿಲೇಯ ಡಯೋಡ್ ಕತ್ತರಿಸಬೇಡಿ. ಶಾರ್ಟ್ ಆಗಿದ್ದರೆ ಹೊಸದು ಹಾಕಿ. ಬ್ರಿಡ್ಜ್ ಅಳೆಯುವ ಮೊದಲು ಟ್ರಾನ್ಸ್‌ಫಾರ್ಮರ್ ತಂತಿ ಒಂದನ್ನು ಬಿಡಿಸಿ." ಅದರ ಪಕ್ಕದಲ್ಲಿ ಸೆಲ್ಲೋಟೇಪ್ ಹಚ್ಚಿ ಎರಡು ಹೊಸ 1ಎನ್4007 ಮತ್ತು ಒಂದು ಬಿಸಿ547.

ಜುಲೈ ಕೊನೆಯಲ್ಲಿ ಚಿಕ್ಕಪ್ಪ ಫೋನ್ ಮಾಡಿದ್ದರು. ಮಳೆ ಹಿಡಿದಿದೆ, ಬಾವಿ ತುಂಬಿದೆ, ಪಂಪಿಗೆ ಈಗ ದಿನಕ್ಕೆ ಒಂದೇ ಸಲ ಕೆಲಸ. ಮುಚ್ಚಳ ತೆಗೆದು ನೋಡಿದರಂತೆ, ಅಂಟಿಸಿದ ಮೂರು ಬಿಡಿಭಾಗಗಳೂ ಹಾಗೆಯೇ ಇವೆ.